ಪೂಜೆಗಿಟ್ಟ ಕಂಪ್ಯೂಟರ್

ಮಧ್ಯಾಹ್ನ ಎರಡು ನಲವತ್ತಕ್ಕೆ ಕುರುಗೋಡು ಶಾಖೆಯ ಕಂಪ್ಯೂಟರ್ ಖಾತೆ ತೆರೆದುಕೊಂಡಿತು. ಬಳ್ಳಾರಿ ಕಂಟೋನ್ಮೆಂಟಿನ ಮುಖ್ಯ ಲ್ಯಾಬಿನಲ್ಲಿ ಕುಳಿತಿದ್ದ ಜ್ಯೋತಿಲಕ್ಷ್ಮಿ ಪರದೆಯ ಮೇಲಿನ ಸಾಲನ್ನು ಎರಡು ಸಲ ಓದಿದಳು. ಆಯುಧಪೂಜೆಯ ದಿನ ಕುರುಗೋಡು ಶಾಖೆ ಹನ್ನೊಂದೂವರೆಗೇ ಬಾಗಿಲು ಹಾಕುತ್ತದೆ. ಈಗ ಆ ಖಾತೆಯೊಳಗಿಂದ ಯಾರೋ ಜನರ ರಕ್ತಪರೀಕ್ಷೆಯ ರಿಪೋರ್ಟುಗಳನ್ನು ಒಂದರ ಹಿಂದೊಂದು ಇಳಿಸಿಕೊಳ್ಳುತ್ತಿದ್ದರು. ನಲವತ್ತು. ನಲವತ್ತೊಂದು.

ಅವಳು ಕುರುಗೋಡು ಶಾಖೆಯ ಪಾರಮ್ಮನಿಗೆ ಫೋನ್ ಹಚ್ಚಿದಳು.

“ಅಕ್ಕಾ, ಕಂಪ್ಯೂಟರ್ ಮುಂದ ಕುಂತೀರೇನು?”

“ಹುಚ್ಚಿ, ಪೂಜಿ ಆದ ಮ್ಯಾಲ ನಾಳಿತನಕ ಅದನ್ನ ಯಾರ್ ಮುಟ್ತಾರ? ವೈರ್ ಸೈತ ಕಿತ್ತಿಟ್ಟೀನಿ. ಮನ್ಯಾಗ ಹೋಳಿಗಿ ಮಾಡಾಕತ್ತೀನಿ.”

“ಬ್ಯಾರೆ ಯಾರತ್ರನರ ಬೀಗದಕೈ ಐತೇನು?”

“ನನ್ನ ಸೊಂಟದಾಗ ಐತಿ. ಯಾಕವ್ವ, ಏನಾತು? ನಾಳಿ ಬನ್ನಿ ಕೊಡಾಕ ಬಾ, ನಿನಗ ಎರಡು ಹೋಳಿಗಿ ಎತ್ತಿಟ್ಟಿರ್ತೀನಿ.”

ಜ್ಯೋತಿಲಕ್ಷ್ಮಿ ಫೋನ್ ಇಟ್ಟಳು. ಕುರುಗೋಡಿನ ಕಂಪ್ಯೂಟರ್ ಚೆಂಡುಹೂವಿನ ಮಾಲೆ ಹಾಕಿಕೊಂಡು ಬೀಗದ ಹಿಂದೆ ಮಲಗಿದೆ. ಖಾತೆಯೊಳಗಿರುವವನು ಕುರುಗೋಡಿನಲ್ಲಿಲ್ಲ. ಅರವತ್ತೇಳು.

ಮ್ಯಾನೇಜರ್ ಜಂಬುನಾಥ ರೇಷ್ಮೆ ಪಂಚೆ ಮೇಲೆತ್ತಿಕೊಂಡು, ಮಂಡಕ್ಕಿ ಪುಟಾಣಿಯ ತಟ್ಟೆ ಹಿಡಿದು ಬಂದರು. “ತಗೋ ಪ್ರಸಾದ. ಇವತ್ತರ ಆ ಪರದಿ ಬಿಟ್ಟು ಏಳಬಾರದ?”

“ಸರ್, ಕಳ್ಳ ಒಳಗ ಬಂದಾನ. ರಿಪೋರ್ಟಿನ ವೆಬ್‌ಸೈಟ್ ಪೂರ್ತಿ ಬಂದ್ ಮಾಡಬೇಕು.”

“ಪೂರ್ತಿನಾ? ಸಿರುಗುಪ್ಪ ತೆರದೈತಿ. ರಾರಾವಿ ಊರಿನ ಹೆಣ್ಮಗಳೊಬ್ಬಾಕಿ ಅಲ್ಲಿ ಹೆರಿಗಿಗೆ ಬಂದಾಳ, ರಕ್ತದ ರಿಪೋರ್ಟ್ ಕಳಸ್ರಿ ಅಂತ ಡಾಕ್ಟರು ಎರಡ್ಸಲ ಫೋನ್ ಮಾಡಿದ್ರು. ಕುರುಗೋಡಿನ ಖಾತೆ ಅಷ್ಟ ಮುಚ್ಚು.”

“ಸಾಲದು ಸರ್. ಒಳಗ ಬಂದಾಂವ ಇನ್ನೊಂದು ಬಾಗಿಲಾ ಮಾಡ್ಕೊಂಡಿದ್ರ? ಆ ರಿಪೋರ್ಟ್ ಇಲ್ಲಿ ನಮ್ಮತ್ರ ಐತಿ, ನಾನ ಫೋನ್‌ನಾಗ ಓದಿ ಹೇಳ್ತೀನಿ. ಅವರ ಕಡಿಂದ ತಿರುಗಿ ಓದಿಸ್ತೀನಿ.”

ಜಂಬುನಾಥ ತಟ್ಟೆ ಕೆಳಗಿಟ್ಟರು. “ಮೂರು ತಿಂಗಳು ಈ ಕಂಪ್ಯೂಟರ್ ಕಾವಲಿನ ಕೆಲಸ ಮಾಡಿ ನೋಡು ಅಂದಿದ್ವಿ. ಹಬ್ಬ ಆದ ಮ್ಯಾಲ ನಿನ್ನ ಸೆಕ್ಯುರಿಟಿ ಅನಲಿಸ್ಟ್ ಮಾಡೋ ಹಾಳಿಗೆ ನಾನ ಸೈ ಹಾಕಬೇಕು. ಕಳ್ಳ ಇಲ್ಲ, ಬರೇ ಗಾಬರಿ ಅಂತಾದ್ರ, ಮತ್ತ ಪ್ರಿಂಟರ್ ರಿಪೇರಿನ ನೋಡವ್ವ.”

ಆರು ವರ್ಷ ಅವಳು ಮಾಡಿದ್ದು ಅದನ್ನೇ. ಸಿಕ್ಕಿಕೊಂಡ ಹಾಳೆ ಎಳೆಯುವುದು, ಮೌಸ್ ಬದಲಿಸುವುದು, ಮರೆತವರಿಗೆ ಪಾಸ್‌ವರ್ಡ್ ಹೇಳಿಕೊಡುವುದು. ನೂರಾ ಹನ್ನೆರಡು. ಅವಳು ವೆಬ್‌ಸೈಟ್ ಮುಚ್ಚುವ ಗುಂಡಿ ಒತ್ತಿದಳು. ಎಣಿಕೆ ನೂರಾ ಹದಿನೆಂಟಕ್ಕೆ ನಿಂತಿತು.

ಸಿರುಗುಪ್ಪ ಶಾಖೆಯ ಗಾದಿಲಿಂಗನಿಗೆ ಆ ಹೆಣ್ಣುಮಗಳ ರಿಪೋರ್ಟನ್ನು ಫೋನಿನಲ್ಲಿ ಒಂದೊಂದೇ ಅಂಕಿ ಓದಿದಳು. ಅವನು ತಿರುಗಿ ಓದಿದ. ಇನ್ನೊಮ್ಮೆ ಓದಿಸಿದಳು. “ಅಕ್ಕಾ, ಪಾಠ ಒಪ್ಪಿಸಿದಂಗ ಆತು ನೋಡ್ರಿ,” ಎಂದು ಅವನು ನಕ್ಕ. ಫೋನ್ ಇಟ್ಟು ಅವಳು ಕಳ್ಳ ಒಳಬಂದ ದಾಖಲೆ ತೆರೆದಳು.

ಕಳ್ಳ ಒಂದು ಸಲವೂ ಪಾಸ್‌ವರ್ಡ್ ತಪ್ಪಾಗಿ ಹೊಡೆದಿರಲಿಲ್ಲ. ಊಹಿಸಿದವನಲ್ಲ, ನೋಡಿದವನು. ಎಲ್ಲಿ ನೋಡಿದ? ಅವಳು ಲ್ಯಾಬಿನ ಫೇಸ್‌ಬುಕ್ ಪುಟ ತೆರೆದಳು. ಹನ್ನೊಂದು ಇಪ್ಪತ್ತಕ್ಕೆ ಕುರುಗೋಡಿನ ಪೂಜೆಯ ಫೋಟೊ ಹಾಕಲಾಗಿತ್ತು. ಪಾರಮ್ಮ ಕಂಪ್ಯೂಟರ್ ಪಕ್ಕ ಕೈಮುಗಿದು ನಿಂತಿದ್ದಳು. ಪರದೆಯ ಕೆಳಗೆ ಅಂಟಿಸಿದ ಒಂದು ಚೀಟಿ. ಯಂತ್ರದ ಯಾವ ಭಾಗಕ್ಕೂ ಪೂಜೆ ತಪ್ಪಬಾರದೆಂದು ಪಾರಮ್ಮ ಚೀಟಿಗೂ ವಿಭೂತಿ ಎಳೆದು ಕುಂಕುಮ ಇಟ್ಟಿದ್ದಳು.

ಜ್ಯೋತಿಲಕ್ಷ್ಮಿ ಫೋಟೊ ದೊಡ್ಡದು ಮಾಡಿದಳು. ಖಾತೆಯ ಹೆಸರು, ಪಾಸ್‌ವರ್ಡ್. ಅದರ ಕೆಳಗೆ, ದುಂಡನೆಯ ಅಕ್ಷರದಲ್ಲಿ: ‘ಅಕ್ಕಾ, ಮರೀಬ್ಯಾಡ್ರಿ. ಜ್ಯೋತಿ.’

ನಾಲ್ಕು ವರ್ಷದ ಹಿಂದೆ, ದಿನಾ ಮುಂಜಾನೆ ಪಾಸ್‌ವರ್ಡ್ ಕೇಳಿ ಫೋನ್ ಮಾಡುತ್ತಿದ್ದ ಪಾರಮ್ಮನಿಗೆ ಅವಳೇ ನಗುತ್ತ ಬರೆದು, ಅವಳೇ ಅಂಟಿಸಿ ಬಂದ ಚೀಟಿ. ಆ ಪಾಸ್‌ವರ್ಡ್ ಒಮ್ಮೆಯೂ ಬದಲಾಗಿರಲಿಲ್ಲ.

ಫೋಟೊದ ಒಂದು ಪ್ರತಿ ಇಟ್ಟುಕೊಂಡು ಪುಟದಿಂದ ಅದನ್ನು ಅಳಿಸಿದಳು. ಕುರುಗೋಡಿನ ಪೂಜೆಯ ಫೋಟೊದಿಂದ ಪಾಸ್‌ವರ್ಡ್ ಹೋಗಿದೆ ಎಂದಷ್ಟೇ ಜಂಬುನಾಥರಿಗೆ ಸಂದೇಶ ಕಳಿಸಿದಳು. ಬಾಗಿಲಲ್ಲಿ ಅವರ ದನಿ ಕೇಳಿಸಿತು. “ಕಳ್ಳ ಖರೇನ ಬಂದಿದ್ದ ಬಿಡವ್ವ, ಶಾಣ್ಯಾಕಿ ಅದೀ. ಫೋಟೊ ಹಚ್ಚಿ ವರದಿ ಬರಿ. ತಪ್ಪು ಯಾರದು, ಪಾರಮ್ಮಂದ ಅಲ್ಲೇನು? ಹತ್ತನೇ ಕ್ಲಾಸ್ ಸೈತ ಮುಗಿಸಿಲ್ಲ ಆಕಿ. ಹಬ್ಬ ಕಳೀಲಿ, ಕೆಲಸ ಬಿಡಿಸಿಬಿಡೋಣ.”

ಅವಳು ಫೋಟೊವನ್ನು ವರದಿಗೆ ಸೇರಿಸಿದಳು. ಫೋಟೊ ಕತ್ತರಿಸುವ ಗೆರೆ ಪರದೆಯ ಮೇಲಿತ್ತು. ಬೆರಳಿನಗಲ ಮೇಲೆ ಎಳೆದರೆ ಸಾಕು, ಕೊನೆಯ ಸಾಲು ಹೊರಗುಳಿಯುತ್ತದೆ. ಪಾಸ್‌ವರ್ಡ್ ಇರುತ್ತದೆ, ಕುಂಕುಮ ಇರುತ್ತದೆ, ಕೈಮುಗಿದ ಪಾರಮ್ಮ ಇರುತ್ತಾಳೆ. ಅವಳು ಗೆರೆಯನ್ನು ಅಲ್ಲಿಯವರೆಗೂ ಎಳೆದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

ಆಮೇಲೆ ಬಿಟ್ಟಳು. ಗೆರೆ ತನ್ನ ಜಾಗಕ್ಕೆ ಹಿಂದಿರುಗಿತು.

‘ಚೀಟಿ ಬರೆದವರು: ಜ್ಯೋತಿಲಕ್ಷ್ಮಿ, ಆಗಿನ ಕಂಪ್ಯೂಟರ್ ಸಹಾಯಕಿ’ ಎಂದು ವರದಿಯಲ್ಲಿ ಬರೆದಳು. ಅದರ ಕೆಳಗೆ, ‘ಕಳವು ಪತ್ತೆ ಹಚ್ಚಿದವರು: ಜ್ಯೋತಿಲಕ್ಷ್ಮಿ.’ ಎದುರಿಗೆ ಹುದ್ದೆ ಬರೆಯುವ ಜಾಗವಿತ್ತು. ಅದನ್ನು ಖಾಲಿ ಬಿಟ್ಟು, ಮೂಲೆಯಲ್ಲಿ ಮಾಲೆ ಹಾಕಿಕೊಂಡು ಕುಳಿತಿದ್ದ ಪ್ರಿಂಟರ್‌ಗೆ ಹಾಳೆ ಕಳಿಸಿದಳು.