ಒಬ್ಬರ ವಿರೋಧವಿದೆ

ಸುರಯ್ಯಾ ಎತ್ತರದ ಕುರ್ಚಿಯಲ್ಲಿ ಕೂತು ಹಿತ್ತಾಳೆ ಗಂಟೆ ಬಾರಿಸಿದಳು. ಕೆಳಗೆ ಎರಡನೆಯ ಸಾಲಿನಲ್ಲಿದ್ದ ಅಂಜನಮೂರ್ತಿಯ ಹೊಟ್ಟೆ ಚುರುಗುಟ್ಟಿತು. ಹಸಿವಿನಿಂದಲ್ಲ, ಮುದ್ದೆ ಸಾರು ಉಂಡೇ ಬಂದಿದ್ದ. ಅದು ಶುದ್ಧ ಹೊಟ್ಟೆಕಿಚ್ಚು.

ಹಲಸೂರಿನ ಈ ಬೀದಿಯಲ್ಲಿ ಪ್ರತಿ ವರ್ಷ ಸಂವಿಧಾನ ದಿನದ ಸಂಜೆ, ಸಂವಿಧಾನ ಹುಟ್ಟಿದ ಸಭೆಯನ್ನೇ ನಾಟಕವಾಗಿ ಆಡುತ್ತಾರೆ. ಬಾಬಾಸಾಹೇಬರ ಪಾತ್ರವನ್ನು ಯಾರಿಗೂ ಕೊಡುವುದಿಲ್ಲ. ಮುಂದಿನ ಕುರ್ಚಿಯಲ್ಲಿ ಹಾರ ಹಾಕಿದ ಅವರ ಪಟ ಇರುತ್ತದೆ. ನೋಡಲು ಬಂದವರೆಲ್ಲ ಸಭೆಯ ಸದಸ್ಯರು. ಉಳಿಯುವ ದೊಡ್ಡ ಪಾತ್ರ ಒಂದೇ, ಸಭೆಯ ಅಧ್ಯಕ್ಷನದು. ಬಸ್ ಕಂಡಕ್ಟರಾಗಿ ಪಳಗಿದ ಗಂಟಲು ಅಂಜನಮೂರ್ತಿಯದು. ಎಷ್ಟೋ ವರ್ಷ ಆ ಕುರ್ಚಿ ಅವನದೇ ಆಗಿತ್ತು. ಅಧ್ಯಕ್ಷರನ್ನು ಕೈ ಎತ್ತಿಸಿಯೇ ಆರಿಸಬೇಕೆಂದು ನಿಯಮ ಮಾಡಿದವನೂ ಅವನೇ. ಈ ಸಲ ಕೈಗಳು ಬ್ಲೌಸ್ ಹೊಲಿಯುವ ಸುರಯ್ಯಾಳ ಪರವಾಗಿ ಎದ್ದವು. ಅದರಲ್ಲೊಂದು ಕೈ ಅವನ ಹೆಂಡತಿ ವೆಂಕಟಮ್ಮನದು. ಅಂದಿನಿಂದ ಆ ಕುರ್ಚಿ ತನ್ನದೇ ಎಂದು ಅವನು ಮನೆಯಲ್ಲಿ ದಿನಾ ಅವಳೆದುರು ಗೊಣಗುತ್ತಿದ್ದ.

"ಏನ್ ಕನ್ನಡ ಗುರು ಇವಳದು, ಅರ್ಧ ಉರ್ದು," ಎಂದು ಅವನು ಮೈಕು ಹಿಡಿದು ಪಕ್ಕದಲ್ಲಿ ನಿಂತಿದ್ದ ಮುರಳಿಯ ಕಿವಿಯಲ್ಲಿ ಗೊಣಗಿದ. "ಆ ಕುರ್ಚಿಗೆ ಒಂದು ಗತ್ತು ಬೇಡ್ವಾ?"

"ಜನ ನಗ್ತಾ ಕೇಳ್ತಿದಾರಲ್ಲಣ್ಣ," ಎಂದ ಮುರಳಿ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಕೊನೆಯ ದೃಶ್ಯ ಬಂತು. ಕರಡು ಓದಿ ಮುಗಿಯಿತು. "ಈ ಸಂವಿಧಾನವನ್ನು ಒಪ್ಪುವವರು ಕೈ ಎತ್ತಬೇಕು," ಎಂದಳು ಸುರಯ್ಯಾ. ಬೀದಿಗೆ ಬೀದಿಯೇ ಕೈ ಎತ್ತಿತು. ಅಂಜನಮೂರ್ತಿ ಎದೆಯ ಮೇಲೆ ಕೈ ಕಟ್ಟಿ ಕೂತ. ಅವನ ಕಾಲದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕೈಗಳತ್ತ ನೋಡದೆಯೇ "ಸರ್ವಾನುಮತ" ಎಂದು ಗಂಟೆ ಬಾರಿಸಿ, ಚಪ್ಪಾಳೆಯೂ ಮುಗಿದಿರುತ್ತಿತ್ತು. ಸುರಯ್ಯಾ ಸಾಲು ಸಾಲಾಗಿ ನೋಡುತ್ತಾ ಬಂದಳು. ಅವನ ಬಳಿ ಅವಳ ಕಣ್ಣು ನಿಂತಿತು.

"ವಿರೋಧ ಯಾರಾದ್ರೂ ಇದೀರಾ?"

ಇದು ನಾಟಕದಲ್ಲಿ ಇಲ್ಲದ ಮಾತು. ಅವಳ ಆಟ ಕೆಡಿಸಲು ಇದೇ ಸಮಯ ಎಂದುಕೊಂಡು ಅವನು ನೆಟ್ಟಗೆ ಕೈ ಎತ್ತಿದ. ಹಿಂದಿನವರು ಗುಜುಗುಜು ಶುರುಮಾಡಿದರು.

"ಬಿಡಿ ಅಕ್ಕ, ಗಂಟೆ ಹೊಡೆದ್ಬಿಡಿ," ಎಂದ ಮುರಳಿ ಗಾಬರಿಯಿಂದ.

"ಹೆಂಗೆ ಹೊಡೀಲಿ ಬೇಟಾ? ಒಬ್ಬರ ವಿರೋಧ ಐತಲ್ಲ. ಕೇಳ್ಬೇಕು." ಸುರಯ್ಯಾ ಗಂಟೆಯನ್ನು ಪಕ್ಕಕ್ಕಿಟ್ಟಳು. "ಮಾನ್ಯ ಸದಸ್ಯರಿಗೆ ಮೈಕ್ ಕೊಡು. ಅಣ್ಣಾ, ಹೇಳಿ. ಯಾಕೆ ಬೇಡ?"

ಮೈಕು ಅಂಜನಮೂರ್ತಿಯ ಕೈಗೆ ಬಂತು. ಅವನು ಎದ್ದು ನಿಂತ. ಜಗಳಕ್ಕೆ ಸಿದ್ಧನಾಗಿದ್ದ, ಬೈಸಿಕೊಳ್ಳುವುದಕ್ಕೂ ಸಿದ್ಧನಾಗಿದ್ದ. ತನ್ನ ಮಾತನ್ನು ಕೇಳುತ್ತಾರೆಂದು ಮಾತ್ರ ಎಣಿಸಿರಲಿಲ್ಲ. ಅಧ್ಯಕ್ಷನ ಮಾತುಗಳೆಲ್ಲ ಅವನಿಗೆ ಬಾಯಿಪಾಠ. ಬೇಡ ಎಂದ ಸದಸ್ಯನಿಗೆ ಮಾತ್ರ ಆ ನಾಟಕದಲ್ಲಿ ಒಂದು ಮಾತೂ ಇರಲಿಲ್ಲ. ಮೇಲೆ ಕೂತವಳ ಮುಖದಲ್ಲಿ ಕುಹಕ ಇದೆಯೇ ಎಂದು ಹುಡುಕಿದ. ಸಿಗಲಿಲ್ಲ. ಇಷ್ಟು ವರ್ಷ ಅಲ್ಲಿ ಕೂತೂ ಹೀಗೊಂದು ಪ್ರಶ್ನೆ ತನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.

ಬೀದಿಯೆಲ್ಲ ಅವನತ್ತ ತಿರುಗಿತು. ಆಗ ಹೆಂಗಸರ ಸಾಲಿನಿಂದ ವೆಂಕಟಮ್ಮನ ದನಿ ಬಂತು.

"ಹೇಳ್ರೀ. ಮನೇಲಿ ನನ್ನ ಹತ್ರ ದಿನಾ ಹೇಳ್ತಿದ್ರಲ್ಲ, ಅದನ್ನೇ ಹೇಳಿ."