ಓಡಿದ ನರ್ಸ್

ಹೆರಿಗೆ ವಾರ್ಡಿನ ಹೊರಗಿನ ಟಿವಿಯಲ್ಲಿ ಅದೇ ಆಸ್ಪತ್ರೆಯ ನರ್ಸ್ ಒಬ್ಬಳು ಮತ್ತೆ ಮತ್ತೆ ಓಡುತ್ತಿದ್ದಳು. ‘ರೋಗಿಗಳನ್ನು ಬಿಟ್ಟು ಮುಷ್ಕರಕ್ಕೆ ಓಡಿದ ನರ್ಸ್!’ ಎಂದು ನಿರೂಪಕ ಗಂಟಲು ಹರಿದುಕೊಳ್ಳುತ್ತಿದ್ದ. ಕಾಯುತ್ತಿದ್ದವರೆಲ್ಲ ಹಲ್ಲು ಕಡಿದರು. “ಬರ್ಲಿ ಅವಳು ಈ ಕಡೆ, ನೋಡ್ಕೋತೀನಿ,” ಎಂದು, ಹೆಂಡತಿಯ ಹೆರಿಗೆಗೆ ಬಂದಿದ್ದ ಬಸ್ ಡ್ರೈವರನ ಭಾವಮೈದುನ ತೋಳೇರಿಸಿ ಬಾಗಿಲಿಗೆ ಅಡ್ಡ ನಿಂತ.

ಡ್ರೈವರ್ ಅವನ ರಟ್ಟೆ ಹಿಡಿದೆಳೆದ. “ಬೆಳಿಗ್ಗೆ ನಿಮ್ಮಕ್ಕನಿಗೆ ರಕ್ತ ತರೋಕೆ ಕಣೋ ಅವಳು ಓಡಿದ್ದು! ಬಾಗಿಲು ತೆಗೆದು ದಾರಿ ಬಿಟ್ಟಿದ್ದು ನೀನೇ ಅಲ್ವಾ?”

ಭಾವಮೈದುನ ತಬ್ಬಿಬ್ಬಾದ. ಒಳಗೆ ರಕ್ತ ಏರಿಸಿಕೊಂಡು ಮಲಗಿದ್ದ ಅಕ್ಕನತ್ತ ಹೋದ ಅವನ ಕಣ್ಣು ಮತ್ತೆ ಟಿವಿಗೇ ಮರಳಿತು. ಪರದೆಯ ಮೇಲೆ ನರ್ಸ್ ಇನ್ನೊಮ್ಮೆ ಓಡಿದಳು.

“ಹೌದು ಭಾವ,” ಎಂದ ಅವನು ಮೆಲ್ಲಗೆ. “ಬಿಟ್ಟು ಓಡಿಹೋಗ್ತಿದಾಳೆ ಅಂತ ಆಗ ನಂಗೆ ಗೊತ್ತಾಗ್ಲೇ ಇಲ್ಲ.”