ನಡುಮನೆಯ ದಾರಿ

ದಾವಣಗೆರೆಯ ಈ ಮೂರನೇ ಮಹಡಿಯ ಮನೆಗೆ ಎಲ್ಲಿಂದಲಾದರೂ ಲೋಬಾನದ ವಾಸನೆ ಬಂದರೆ ಸಾಕು, ಇಲ್ಲದ ಹಿತ್ತಲ ಬಾಗಿಲು ತೆಗೆಯಲು ನಾನು ಈಗಲೂ ಏಳುತ್ತೇನೆ.

ಅಪ್ಪ ಸಾರಥಿ ಹಳ್ಳಿಯ ಹೊಲ ಮಾರಿ ಹರಿಹರದಲ್ಲಿ ಸೈಟು ಕೊಂಡು, ಅಲ್ಲಿದ್ದ ಬೇವಿನ ಮರ ಕಡಿಸಿ ಮನೆ ಕಟ್ಟಿಸಿದ ಮೊದಲ ವರ್ಷವದು. ಮೊಹರಂ ಕಡೆಯ ದಿನದ ಮಧ್ಯಾಹ್ನ ಹಲಗೆ ಬಡಿಯುವ ಸದ್ದು ನಮ್ಮ ಗೇಟಿನವರೆಗೆ ಬಂದು ತಟ್ಟನೆ ನಿಂತಿತು. ಕೋಲಿನ ತುದಿಗೆ ಹಸ್ತದಾಕಾರವಿದ್ದ ದೇವರ ಪಂಜಾ ಹಿಡಿದವನು ಬರಿಗಾಲಲ್ಲಿ, ಕಣ್ಣು ಮುಚ್ಚಿಕೊಂಡು, ನಮ್ಮ ಬಾಗಿಲಿಗೇ ಮುಖ ಮಾಡಿ ನಿಂತಿದ್ದ. ಅವನ ಹಿಂದೆ ಲೋಬಾನದ ಧೂಪ ಹಿಡಿದ ಜನ ಬಂದು ಸೇರಿದರು.

"ಪಕ್ಕದ ರಸ್ತೆಯಾಗೆ ಹೋಗ್ರಿ. ಇದು ನನ್ನ ಮನೆ" ಎಂದರು ಅಪ್ಪ.

ಪಕ್ಕದ ಮನೆಯ ಬೀಬಿಜಾನ್ ಅಜ್ಜಿ ನಮ್ಮ ಹೊಸ್ತಿಲಿಗೆ ಬಂದು ನಿಂತಳು. "ಮನೆ ಈಗ ಬಂದೈತಪ್ಪಾ. ದೇವ್ರ ದಾರಿ ಮೊದ್ಲಿಂದ ಐತೆ. ಹಿತ್ತಲ ಬಾಗ್ಲೂ ತೆಗಿಸು."

ಅವ್ವ ತೆಗೆದಳು. ಅವರೆಲ್ಲ ಹೊಗೆಯ ಜೊತೆ ಒಳಗೆ ಬಂದು, ನಡುಮನೆ, ಅಡುಗೆಮನೆ ದಾಟಿ ಹಿತ್ತಲಿಗೆ ಇಳಿದುಹೋದರು. ಹೊಸ ನೆಲದ ಮೇಲೆ, ಮೊಹರಂ ಬೆಂಕಿ ಕುಣಿ ತುಳಿದು ಬಂದ ಕಾಲುಗಳ ಬೂದಿಯ ಹೆಜ್ಜೆಗಳು ಉಳಿದವು. ಆದರೆ ನಾನು ನೋಡುತ್ತಿದ್ದದ್ದು ಬೇರೆ. ನಡುಮನೆಯ ಫ್ಯಾನಿನ ಕೆಳಗೆ ಬಂದಾಗ ಒಬ್ಬೊಬ್ಬರೂ, ಗಿಡ್ಡಗಿದ್ದವರೂ ಸಹ, ತಲೆ ಬಗ್ಗಿಸಿದರು.

"ಯಾಕಜ್ಜಿ ಬಗ್ಗಿದ್ರು?"

"ಇಲ್ಲಾಂದ್ರೆ ಬೇವಿನ ಟೊಂಗೆ ಬಡೀತೈತಲ್ಲ ಮಗಾ."

ಅಪ್ಪ ಜೋರಾಗಿ ನಕ್ಕರು. ನಗುತ್ತಲೇ ಹಿತ್ತಲ ಬಾಗಿಲು ಹಾಕಲು ಹೊರಟರು. ಫ್ಯಾನಿನ ಹತ್ತಿರ ಬಂದಾಗ ಅವರ ನಗು ನಿಂತಿತು. ಅವರೂ ತಲೆ ಬಗ್ಗಿಸಿಯೇ ದಾಟಿದರು.